ಹಳದಿ ಗೆರೆ

ಕಾಲು ಮೈಲಿಯ ಓಟದ ಪಂದ್ಯಕ್ಕೆ ಕಾರಿನಲ್ಲಿ ಕೂತು ಕೈಗವಸು ಹಾಕಿಕೊಳ್ಳುವಾಗ, ಹೆಬ್ಬೆರಳ ಉಗುರಿನಲ್ಲಿ ಹಳದಿ ಬಣ್ಣ ಕಂಡಿತು.

ಅಕ್ಕ ವರ್ನಾಳ ಶೆಡ್ಡಿನಲ್ಲಿ ಒಂದೇ ಕಟ್ಟುನಿಟ್ಟು. ಬೋಲ್ಟನ್ನು ಬಿಗಿ ಮಾಡಿದವರೇ ಅದರ ತಲೆಯ ಮೇಲೆ ಹಳದಿ ಗೆರೆ ಎಳೆಯಬೇಕು, ಅದೂ ಬಿಗಿ ಮಾಡಿದ ಮೇಲೆಯೇ. ಸಾವಿರದ ಒಂಬೈನೂರ ಮೂವತ್ತೆರಡರ ಈ ಹಳೇ ಫೋರ್ಡ್ ಕಾರನ್ನು ನಾವಿಬ್ಬರೂ ಮೂರು ವರ್ಷ ಹೆಣಗಿ ಹಾಗೆಯೇ ಕಟ್ಟಿದ್ದೆವು. ನಿನ್ನೆ ಸ್ಟೀರಿಂಗಿನ ನಾಲ್ಕು ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಬಣ್ಣ ಬೇಗ ಒಣಗಲಿ ಎಂದು ಮೊದಲೇ ಗೆರೆ ಎಳೆದುಬಿಟ್ಟೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ಆಮೇಲೆ ಸ್ಪ್ಯಾನರ್ ಹಾಕಿದೆನೇ? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

ಮುಂದೆ ನಿಂತವನು ಬಾವುಟ ಎತ್ತಿದ. ಪಕ್ಕದ ಕಾರು ಗುಡುಗಿತು. ನಾನು ಎಂಜಿನ್ ಆರಿಸಿ, ಕೈ ಮೇಲೆತ್ತಿದೆ.

"ಉಚ್ಚೆ ಹೊಯ್ಕೊಂಡ ನೋಡ್ರೋ!" ಎಂದು ಬೇಲಿಯಾಚೆ ಯಾರೋ ಕೂಗಿದರು.

ವರ್ನಾ ಓಡಿಬಂದಳು. "ಏನಾಯ್ತೋ ದಂಡಪಿಂಡ?"

"ಸ್ಟೀರಿಂಗ್ ಬೋಲ್ಟ್ ನೋಡೇ ಅಕ್ಕ."

ಅವಳು ಬಗ್ಗಿ ನೋಡಿದಳು. "ಗೆರೆ ಇದೆಯಲ್ಲೋ!"

"ಗೆರೆ ಬಿಡು, ಕೈಯಲ್ಲಿ ತಿರುಗಿಸಿ ನೋಡು."

ಕೈ ತೂರಿಸಿದಳು. ಬೋಲ್ಟು ಬೆರಳಿಗೇ ಸಲೀಸಾಗಿ ತಿರುಗಿ ಅವಳ ಅಂಗೈಗೆ ಬಂತು.

ಅವಳು ಬೇಲಿಯತ್ತ ತಿರುಗಿದಳು. ಅಲ್ಲಿ ಅವಳ ಐದು ವರ್ಷದ ಮಗಳು ನಮಗೆ ಕೈಬೀಸುತ್ತಿದ್ದಳು. ಬೆಳಿಗ್ಗೆ ಮನೆಯಿಂದ ಇಲ್ಲಿಯವರೆಗೆ ಅರವತ್ತು ಮೈಲಿ ಇದೇ ಕಾರಿನಲ್ಲಿ ನನ್ನ ಪಕ್ಕ ಕೂತು, "ಇನ್ನೂ ಜೋರಾಗಿ ಓಡ್ಸು ಮಾವ!" ಎಂದು ಕಿರುಚುತ್ತ ಬಂದವಳು ಅವಳೇ.