ಗಂಡನ ಪಕ್ಕದ ಜಾಗ

ಸೆರಗಿಗೆ ಮೆತ್ತಿದ ಮಣ್ಣು ಒಣಗುತ್ತಿದೆ, ಕೊಡವಬೇಕು, ಗುರುಬಸಮ್ಮನಿಗೆ ಕೈಯೇ ಏಳುತ್ತಿಲ್ಲ, ಬದುವಿನ ಮೇಲೆ ಹಾಗೇ ಕೂತಿದ್ದಾಳೆ, ರಾಯದುರ್ಗದ ಕಡೆಯಿಂದ ಬಿಸಿಗಾಳಿ, ಎದುರಿಗೆ ಗಂಡನ ಸಮಾಧಿ, ಅದರ ಪಕ್ಕ ಈಗಷ್ಟೇ ಮುಚ್ಚಿದ ಹಸಿಮಣ್ಣು — ತನಗೆಂದು ಬಿಟ್ಟುಕೊಂಡಿದ್ದ ಜಾಗ, ಈಗ ಅಲ್ಲಿ ಫೂಲ್ಮಣಿಯ ಕೂಸು. ಜಾರ್ಖಂಡಿನ ಕಾಡಿನ ಕಡೆಯವರು, ಜೀನ್ಸ್ ಹೊಲಿಯಲು ಬಂದ ಗಂಡಹೆಂಡತಿ, ಹಿತ್ತಿಲ ಕೋಣೆ ಕೇಳಿಕೊಂಡು ಬಂದಾಗ ತಾನೂ ಬಾಗಿಲು ಅರ್ಧವೇ ತೆರೆದಿದ್ದಳು, ಆಮೇಲೆ ಹೆರಿಗೆಯಾಯಿತು, ಬಾಣಂತಿಗೆ ಹೇಳಿಕೊಡಲು ತಾಯಿಯಿಲ್ಲ, ಅತ್ತೆಯಿಲ್ಲ, ಕೂಸಿನ್ನ ಇಲ್ಲಿ ತಾ ಅವ್ವ, ನಾ ಎರೀತೀನಿ ಎಂದು ಕಾಲು ಚಾಚಿ ಕೂತು, ಕೂಸನ್ನು ಮೇಲೆ ಹಾಕಿಕೊಂಡು ಬಿಸಿನೀರು ಹೊಯ್ದರೆ ಫೂಲ್ಮಣಿ ಚೀರಿ ಕಿತ್ತುಕೊಂಡಿದ್ದಳು, ಮುದುಕಿ ಕೊಂದೇಬಿಡುತ್ತಾಳೆ ಅಂದುಕೊಂಡಳೋ ಏನೋ, ಮರುದಿನ ತಾನಾಗಿಯೇ ಬಂದು ಸಾಸಿವೆ ಎಣ್ಣೆಯ ಶೀಶೆ ಮುಂದಿಟ್ಟಳು, ನಮ್ಮಲ್ಲಿ ಹರಳೆಣ್ಣೆ ಕಣವ್ವ, ಇರ್ಲಿ ತಗಾ, ಎರಡೂ ಹಚ್ಚೂನು ಎಂದಿದ್ದಳು ತಾನು — ಅಲ್ಲಿಂದ ಓಣಿಯಲ್ಲಿ ಎರಡು ಎಣ್ಣೆಯ ವಾಸನೆಯ ಕೂಸು ಅದೊಂದೇ.

ಜ್ವರ ಬಂತು, ಆಸ್ಪತ್ರೆಗೆ ಒಯ್ದರು, ಇವತ್ತು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ತಂದರು. ಎಳೆಕೂಸನ್ನು ಅವರು ಸುಡುವುದಿಲ್ಲ, ಹೂಳುತ್ತಾರೆ, ನಮ್ಮಲ್ಲೂ ಹೂಳುವುದೇ, ಮತ್ತೇನು ತಕರಾರು, ಆದರೆ ಓಣಿಯ ಹಿರಿಯ ಕೊಟ್ರಬಸಪ್ಪ ರುದ್ರಭೂಮಿಯ ಗೇಟಿಗೆ ಅಡ್ಡ ನಿಂತ, ಇವತ್ತು ಒಂದು ಅಂದ್ರ ನಾಳೆ ಹತ್ತು ಬರ್ತಾವ್ರಿ ಅತ್ತಿ, ಇದು ನಮ್ಮೋರ ಜಾಗ, ಹಂಗಾದ್ರ ಹೊಲದಾಗ ನನ್ನ ಜಾಗ ಕೊಡ್ತೀನಿ ಬಿಡಪ್ಪ ಎಂದಳು, ಮತ್ತ ನೀವೆಲ್ಲಿಗೆ ಹೋಗ್ತೀರಿ ಎಂದ, ನಿಮ್ಮಪ್ಪ ಕಟ್ಟಿಸ್ಯಾನಲ್ಲ ಈ ಗೇಟು, ಇದರಾಗ ಒಂದು ಮೂಲಿಗೆ ಕುಂದ್ರಸು ನನ್ನ ಎಂದು ಹೊಲದ ದಾರಿ ಹಿಡಿದಳು.

ಮಗ ಸಿದ್ದರಾಮೇಶ ಗುಂಡಿ ತೋಡಿದ, ಅವನಿಗೆ ಗೊತ್ತಿದ್ದ ಗುಂಡಿ ಅದೊಂದೇ, ಆಳಕ್ಕೆ, ಒಳಗೊಂದು ಗೂಡು, ಅಪ್ಪನಿಗೆ ಪದ್ಮಾಸನ ಹಾಕಿಸಿ ಕೂರಿಸಿದಂಥದು, ತಾನೂ ಬಗ್ಗಿ ನೋಡಿದಳು, ಸರಿಯಾಗ್ಯದ ಎಂದಳು, ಕೂಸನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟಳು, ಗೂಡಿನಾಗ ಕುಂದ್ರಸಪ್ಪ, ಮಗ ಕೂರಿಸಿದ, ಕತ್ತು ವಾಲಿತು, ಫೂಲ್ಮಣಿ ಅಳಲಿಲ್ಲ, ಗುಂಡಿಯ ಅಂಚಿಗೆ ಮಂಡಿಯೂರಿ, ಗುರುಬಸಮ್ಮನಿಂದಲೇ ಕಲಿತ ಮಾತಿನಲ್ಲಿ, ಮೆಲ್ಲಗೆ, ತಪ್ಪು ತಿಳಿಯಬೇಡ ಎನ್ನುವ ಹಾಗೆ — ಅಜ್ಜಿ, ಅವನಿಗೆ ಇನ್ನಾ ಕುಂದ್ರಾಕ ಬರಲ್ಲ.

ಯಾರಿಗೆ ಗೊತ್ತಿಲ್ಲದಿದ್ದರೂ ತನಗೆ ಗೊತ್ತಿರಬೇಕಿತ್ತು, ದಿನಾ ಎರೆದವಳಿಗೆ, ಕೂಸಿನ ಅಪ್ಪ ಬುಧು ಗುಂಡಿಗಿಳಿದ, ಸಲಿಕೆ ಮುಟ್ಟಲಿಲ್ಲ, ಗೂಡಿನ ಗೋಡೆಯನ್ನು ಉಗುರಲ್ಲೇ ಕೆರೆದು ಉದ್ದ ಮಾಡಿ ಮಲಗಿಸಿದ, ಕೂಸು ಮಲಗಿದೆಯಲ್ಲ, ಕಣ್ಣಾರೆ ಕಂಡಿದ್ದಾಳಲ್ಲ, ಅವ್ವ ಏಳು, ಹೋಗೂನು, ಎನ್ನುತ್ತಿದ್ದಾನೆ ಸಿದ್ದರಾಮೇಶ, ಏಳಬೇಕು, ಆದರೆ ಕಣ್ಣು ಮುಚ್ಚಿದರೆ ಗುಂಡಿಯಲ್ಲಿ ಅವನು ಕೂಸನ್ನು ಮತ್ತೆ ಕೂರಿಸುತ್ತಾನೆ, ಕತ್ತು ಈ ಕಡೆ ವಾಲುತ್ತದೆ, ನೆಟ್ಟಗೆ ಮಾಡುತ್ತಾನೆ, ಆ ಕಡೆ ವಾಲುತ್ತದೆ, ಮತ್ತೆ ಕೂರಿಸುತ್ತಾನೆ, ಕತ್ತು