ಇಪ್ಪತ್ತೆರಡು ಅಡಿ ಎತ್ತರದ ಅಣಬೆ

ಮಳೆ ಹಿಂದೆಗೆದು ಎಂಟು ದಿನವಾಗಿತ್ತು. ಅಣಬೆ ಕೀಳಲು ಇದೇ ಸರಿಯಾದ ಹೊತ್ತು. ಇನ್ನೂ ತಡಮಾಡಿದರೆ ಸತ್ತ ಮರಗಳ ಮೈಮೇಲೆ ಹಲಗೆಯಂತೆ ಚಾಚಿಕೊಂಡ ಅಣಬೆ ಬಿಸಿಲಿಗೆ ಕಲ್ಲಾಗುತ್ತದೆ. ಮುಂಚೆ ಕಿತ್ತರೆ ಬಾಟಲಿಯೊಳಗೆ ಬೂಷ್ಟು ಹಿಡಿಯುತ್ತದೆ. ಹುಳದಕ್ಕ ಬೆಳಗಿನಿಂದ ಹಿತ್ತಿಲ ಕಟ್ಟೆಯ ಮೇಲೆ ಕೂತು ಒಂದೊಂದೇ ಅಣಬೆಯನ್ನು ಚಾಕುವಿನಿಂದ ಸೀಳಿ ಬಿಳಿ ಬಟ್ಟೆಯ ಮೇಲೆ ಕೊಡವುತ್ತಿದ್ದಳು. ಕಂದು ಪುಡಿ ಉದುರುತ್ತಿತ್ತು. ಸ್ವಲ್ಪ ಹೊತ್ತು ಕಣ್ಣು ನೆಟ್ಟು ಕಾದರೆ ಆ ಪುಡಿಯಲ್ಲೇ ಒಂದು ಕಣ ಕಾಲು ಬಿಚ್ಚಿ ನಡೆಯತೊಡಗುತ್ತಿತ್ತು. ಅದೇ ಹುಳ.

"ಜನ ಆಡು ಸಾಕ್ತಾರೆ, ಕೋಳಿ ಸಾಕ್ತಾರೆ," ಎಂದಳು ನಾದಿನಿ, ಬಾಟಲಿಗಳ ಬಾಯಿಗೆ ಬಟ್ಟೆ ಬಿಗಿಯುತ್ತ. "ನಮ್ಮತ್ತಿಗೆ ಮಾತ್ರ ಹುಳ ಸಾಕ್ತಾರೆ. ಹಾಲೂ ಇಲ್ಲ, ಮೊಟ್ಟೆನೂ ಇಲ್ಲ."

"ನಿನ್ನನ್ನೂ ಸಾಕಿಲ್ವೇನೇ? ನೀನೇನು ಮೊಟ್ಟೆ ಇಟ್ಯಾ?"

ಹುಳ ಸಾಸಿವೆಗಿಂತ ಕೊಂಚ ಉದ್ದ, ಅಷ್ಟೇ. ಹೆಣ್ಣು ಅಣಬೆಯನ್ನು ಕೊರೆದು ಮೊಟ್ಟೆಯಿಡುತ್ತದೆ. ಮರಿ ಒಳಗೇ ತಿಂದು, ಒಳಗೇ ಮಲಗಿ, ಒಳಗೇ ದೊಡ್ಡದಾಗುತ್ತದೆ. ಅದರ ಮಕ್ಕಳಿಗೂ ಅದೇ ಮನೆ. ನಾಲ್ಕಾರು ತಲೆಮಾರು ತಿಂದ ಮೇಲೆ ಮನೆಯೇ ಪುಡಿಯಾಗಿ ಉದುರಿದಾಗ ಉಳಿದವು ರೆಕ್ಕೆ ಬಿಚ್ಚಿ ಬೇರೆ ಅಣಬೆ ಹುಡುಕಿಕೊಂಡು ಹೋಗುತ್ತವೆ. ಮೆತ್ತನೆಯದನ್ನು ತಿನ್ನುವ ಹುಳ ಗಟ್ಟಿಯದನ್ನು ಮೂಸುವುದಿಲ್ಲ. ಗಂಡಿನ ತಲೆಯ ಮೇಲೆ ಎರಡು ಕೊಂಬು. ದೊಡ್ಡ ಊರಿನ ಸಂಗ್ರಹಾಲಯದ ಮೇಷ್ಟ್ರು ಆ ಕೊಂಬುಗಳನ್ನು ನೋಡಿಯೇ ಇಡೀ ಕುಲವನ್ನು ಜಾತಿ ಜಾತಿಯಾಗಿ ವಿಂಗಡಿಸಿದ್ದರು. ಹದಿನೈದು ವರ್ಷದಿಂದ ಅವರಿಗೆ ಹುಳ ಕೂಡಿಸಿಕೊಡುತ್ತಿದ್ದವಳು ಹುಳದಕ್ಕ. ಭೂತಗನ್ನಡಿಯಲ್ಲಿ ನೋಡುವುದು, ಸೂಜಿಗೆ ಚುಚ್ಚಿದ ಕಾಗದದ ತುದಿಗೆ ಹುಳ ಅಂಟಿಸುವುದು, ಅದರ ಕೆಳಗೆ ಉಗುರಿನಗಲದ ಚೀಟಿ ಚುಚ್ಚುವುದು, ಎಲ್ಲ ಅವರೇ ಕಲಿಸಿದ್ದು. ಯಾವ ತಾರೀಖು, ಯಾವ ಮರ, ನೆಲದಿಂದ ಎಷ್ಟು ಎತ್ತರ, ಕಿತ್ತವರು ಯಾರು. "ತಪ್ಪು ಚೀಟಿ ಬರೆಯೋನ ಕೈ ಕತ್ತರಿಸಬೇಕು ಕಣಮ್ಮ," ಎನ್ನುತ್ತಿದ್ದರು.

ಎಂಟು ವರ್ಷದ ಹಿಂದೆ, ಇಂಥದೇ ದಿನಗಳಲ್ಲಿ, ಅವಳ ಮಗಳು ಅಣಬೆ ಕೀಳಲು ಹತ್ತಿದ್ದ ಕೆರೆಯಾಚೆಯ ಒಣಮರದಿಂದ ಬಿದ್ದಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ಬಿದ್ದದ್ದು ಬೆಳಿಗ್ಗೆ, ಸೌದೆಯವರ ಕಣ್ಣಿಗೆ ಬಿದ್ದದ್ದು ಹೊತ್ತು ಮುಳುಗುವಾಗ. ಆಗಲೂ ಉಸಿರಿತ್ತು. ಮನೆಯ ಬಾಗಿಲವರೆಗೂ ಇತ್ತು. ಮೂರನೆಯ ದಿನ ಮೇಷ್ಟ್ರು ಓಡಿ ಬಂದರು. "ನಾನು ಅವಳು ಬೀಳೋ ಹಿಂದಿನ ದಿನವೇ ಊರಿಗೆ ಹೊರಟುಬಿಟ್ಟೆನಲ್ಲಮ್ಮಾ, ಇದ್ದಿದ್ರೆ ಹತ್ತಬೇಡ ಅಂತಿದ್ದೆ," ಎಂದು ಕಂಬ ಹಿಡಿದು ಅತ್ತರು. "ನಿನ್ನ ಮಗಳ ಋಣ ನನ್ನ ಮೇಲಿದೆ. ಹೊಸ ಹುಳಕ್ಕೆ ಅವಳ ಹೆಸರೇ ಇಡ್ತೀನಿ. ಪುಸ್ತಕಕ್ಕೆ ಹೋದ ಹೆಸರು ಅಳಿಯೋದಿಲ್ಲ."

ಮಾತು ಉಳಿಸಿಕೊಂಡರು. ಗಿಡ್ಡ ಕೊಂಬಿನ ಒಂದು ಹುಳಕ್ಕೆ ಅವಳ ಹೆಸರು ಬಂತು. ಆ ಹುಳದ ಚಿತ್ರವಿದ್ದ ಒಂದು ಹಾಳೆಯನ್ನು ಕಳಿಸಿಕೊಟ್ಟರು. ಹುಳದಕ್ಕ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಆದರೆ ಹೋದ ವರ್ಷ ಏಳನೆಯ ಬಾಟಲಿ ಅವಳ ನೆಮ್ಮದಿ ಕೆಡಿಸಿತ್ತು. ಉದ್ದ ಕೊಂಬಿನ ಮಾಮೂಲಿ ಹುಳದ ಒಂದೇ ಜೋಡಿಯನ್ನು ಬೇರೆ ಮಾಡಿ ಆ ಬಾಟಲಿಯಲ್ಲಿ ಸಾಕಿದ್ದಳು. ತಾಜಾ ಅಣಬೆ ಇರುವವರೆಗೆ ಹುಟ್ಟಿದ ಗಂಡುಗಳಿಗೆಲ್ಲ ಉದ್ದ ಕೊಂಬು. ಕಾಯಿಲೆ ಬಿದ್ದು ಒಂದು ತಿಂಗಳು ಅಣಬೆ ಬದಲಿಸಲಾಗಲಿಲ್ಲ. ಇದ್ದದ್ದು ಒಣಗಿತು, ಮರಿಗಳು ಕಿಕ್ಕಿರಿದವು. ಆಮೇಲೆ ಹೊರಬಂದ ಗಂಡುಗಳಿಗೆ ಗಿಡ್ಡ ಕೊಂಬು. ಗೋಡೆಯ ಮೇಲಿನ ಚಿತ್ರದ ಪಕ್ಕ ಹಿಡಿದು ನೋಡಿದಳು. ಅದೇ. ಮಗಳ ಹೆಸರು ಹೊತ್ತದ್ದು ಹೊಸ ಜಾತಿಯೇನಲ್ಲ. ಹೊಟ್ಟೆಗಿಲ್ಲದೆ ಬೆಳೆದ ಮಾಮೂಲಿ ಹುಳ. ತಾರೀಖು ಹಾಕಿ ಪ್ರತಿಯೊಂದಕ್ಕೂ ಚೀಟಿ ಬರೆದಳು, ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ನಾದಿನಿಯೊಬ್ಬಳಿಗೆ ಗೊತ್ತಿತ್ತು.

ಮಧ್ಯಾಹ್ನಕ್ಕೆ ಮೊದಲೇ ಮೇಷ್ಟ್ರು ಬಂದರು. ಜೊತೆಗೆ ಬೇರೊಂದು ಸಂಗ್ರಹಾಲಯದ ಹಿರಿಯ ಹೆಂಗಸು, ನರೆತ ತಲೆ, ಮಾತು ಕಡಿಮೆ. ಮೇಷ್ಟ್ರು ಬದುಕೆಲ್ಲ ತೇದು ಬರೆದ ದೊಡ್ಡ ಪುಸ್ತಕ ಅಚ್ಚಿಗೆ ಹೋಗಬೇಕಾದರೆ ಈಕೆ ಒಪ್ಪಬೇಕಂತೆ. ಗಿಡ್ಡ ಕೊಂಬಿನದು ನಿಜಕ್ಕೂ ಬೇರೆ ಜಾತಿಯೇ ಎಂದು ಆಕೆಗೆ ಅನುಮಾನವಂತೆ. ಜೀವಂತ ಹುಳ ನೋಡಲು ಬಂದಿದ್ದಳು.

"ಅದಕ್ಕೇ ಹೋಲಿಸೋಕೆ ಅಂತ, ಮೊದಲು ಹೆಸರಿಟ್ಟ ಮೂಲ ಹುಳವನ್ನೇ ತಂದಿದೀನಿ," ಎಂದು ಮೇಷ್ಟ್ರು ಪುಟ್ಟ ಪೆಟ್ಟಿಗೆ ತೆರೆದರು. "ನೋಡಮ್ಮ, ನಿನ್ನ ಮಗಳು!"

ಹುಳದಕ್ಕ ಸೆರಗಿಗೆ ಕೈ ಒರೆಸಿಕೊಂಡು, ಕೊರಳಿನ ದಾರದಲ್ಲಿದ್ದ ಭೂತಗನ್ನಡಿ ಕಣ್ಣಿಗೆ ಹಿಡಿದು ಬಗ್ಗಿದಳು. ಹುಳ ಕಂಡಿತು. ಆಮೇಲೆ, ಅಭ್ಯಾಸಬಲದಿಂದ, ಚೀಟಿ ಓದಿದಳು. ಒಣಮರ, ಕೆರೆಯಾಚೆ. ನೆಲದಿಂದ ಇಪ್ಪತ್ತೆರಡು ಅಡಿ. ಕಿತ್ತವರು: ಮೇಷ್ಟ್ರು. ತಾರೀಖು ಓದಿ, ಮತ್ತೊಮ್ಮೆ ಓದಿದಳು. ಆ ತಾರೀಖನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

"ಮೇಷ್ಟ್ರೇ, ಈ ತಾರೀಖು ಸರಿಯಾಗಿದ್ಯಾ?"

"ಚೆನ್ನಾಗಿ ಕೇಳ್ದೆ! ನನ್ನ ಚೀಟಿ ಯಾವತ್ತು ತಪ್ಪಾಗಿದೆ?" ಎಂದು ನಕ್ಕ ಮೇಷ್ಟ್ರ ಮುಖ ಅರ್ಧ ನಗುವಿನಲ್ಲೇ ನಿಂತುಬಿಟ್ಟಿತು.

"ನಿಮ್ಮ ಮಂಡಿ ಆಗಲೂ ಏಣಿಯ ಎರಡು ಮೆಟ್ಟಿಲು ಹತ್ತುತ್ತಿರಲಿಲ್ಲ. ಇಪ್ಪತ್ತೆರಡು ಅಡಿ ಯಾರು ಹತ್ತಿದ್ರು?"

ಮೇಷ್ಟ್ರು ಅವಳನ್ನು ಅಡುಗೆಮನೆಯೊಳಕ್ಕೆ ಕರೆದರು. ಅವಳು ಕದಲಲಿಲ್ಲ. ಕೊನೆಗೆ ಅಲ್ಲೇ, ತಗ್ಗಿದ ದನಿಯಲ್ಲಿ ಹೇಳಿದರು: "ಬಿದ್ದ ಕೂಡಲೇ ಹೋಗಿಬಿಟ್ಟಳು ಅಂದ್ಕೊಂಡೆ ಕಣಮ್ಮ. ಅಲುಗಾಟ ಇರಲಿಲ್ಲ. ನನಗೆ ಕೈಕಾಲು ಆಡ್ಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು..."

"ಅಣಬೆ?"

"ಅವಳ ಬುಟ್ಟೀಲಿತ್ತು."

"ಬುಟ್ಟಿಗೆ ಕೈ ಹಾಕೋಕೆ ಕೈ ಆಡ್ತು."

ಹುಳದಕ್ಕ ಒಳಗೆ ಹೋದಳು. ಅಕ್ಕಿ ಡಬ್ಬ ಸರಿಸಿದ ಸದ್ದು ಕೇಳಿತು. ನಾದಿನಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಬೇಡ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳದು ಅಂತ ಉಳಿದಿರೋದು ಆ ಹೆಸರೊಂದೇ."

"ದಾರಿ ಬಿಡೇ."

ಏಳನೆಯ ಬಾಟಲಿಯನ್ನೂ ಅದರ ಹುಳಗಳ ತಟ್ಟೆಯನ್ನೂ ಹಿರಿಯಾಕೆಯ ಮುಂದಿಟ್ಟಳು. "ಒಂದೇ ತಂದೆ, ಒಂದೇ ತಾಯಿ. ಉಂಡವಕ್ಕೆ ಉದ್ದ, ಉಪವಾಸ ಬಿದ್ದವಕ್ಕೆ ಗಿಡ್ಡ. ಚೀಟಿ ಎಲ್ಲ ಸರಿಯಾಗಿದೆ, ಮೇಷ್ಟ್ರೇ ಕಲಿಸಿದ್ದು."

ಹಿರಿಯಾಕೆ ಒಂದು ಗಂಟೆ ತಲೆ ಎತ್ತದೆ ನೋಡಿದಳು. ಆಮೇಲೆ ಕನ್ನಡಕ ತೆಗೆದಳು. "ಎರಡೂ ಒಂದೇ. ಹಾಗಿದ್ದಾಗ ಹಳೇ ಹೆಸರೇ ನಿಲ್ಲೋದು. ಹೊಸದು ಬಿದ್ದುಹೋಗುತ್ತೆ." ಮೇಷ್ಟ್ರ ಕಡೆ ತಿರುಗಿದಳು. "ಕೊಂಬಿನ ಮೇಲೆ ಕಟ್ಟಿದ ನಿಮ್ಮ ಮಿಕ್ಕ ಜಾತಿಗಳನ್ನೂ ಮತ್ತೆ ನೋಡಬೇಕಾಗುತ್ತೆ. ಪುಸ್ತಕ ಹೀಗೇ ಅಚ್ಚಿಗೆ ಹೋಗೋ ಹಾಗಿಲ್ಲ."

"ನಿನ್ನ ಮಗಳ ಹೆಸರಮ್ಮಾ!" ಮೇಷ್ಟ್ರ ದನಿ ಒಡೆಯಿತು. "ನಿನ್ನ ಕೈಯಾರೆ ಅಳಿಸ್ತೀಯಾ?"

"ಅಳೀಲಿ. ನಿಮ್ಮ ಬಾಯಲ್ಲಿ ಇರೋದಕ್ಕಿಂತ ವಾಸಿ."

ಹಿರಿಯಾಕೆ ಹೊಸ ಚೀಟಿಯೊಂದರಲ್ಲಿ ಮಾಮೂಲಿ ಹುಳದ ಹಳೆಯ ಹೆಸರನ್ನು ಬರೆದು, ಸೂಜಿಯನ್ನು ಎತ್ತಿ ಮೊದಲಿನ ಚೀಟಿಯ ಕೆಳಗೆ ಚುಚ್ಚಿದಳು.

"ಹಳೇ ಚೀಟಿ ತೆಗೆಯಲ್ವಾ?" ಎಂದಳು ಹುಳದಕ್ಕ.

"ಒಂದ್ಸಲ ಚುಚ್ಚಿದ ಚೀಟಿ ತೆಗೆಯೋ ಹಾಗಿಲ್ಲ. ಯಾರೂ. ತಪ್ಪಿದ್ರೆ ಕೆಳಗೆ ಇನ್ನೊಂದು ಸೇರಿಸೋದು. ನೂರು ವರ್ಷ ಆದ ಮೇಲೆ ಪೆಟ್ಟಿಗೆ ತೆಗೆದವರೂ ಎಲ್ಲಾನೂ ಓದ್ತಾರೆ."

"ಹಾಗಾದ್ರೆ ಆ ಪೆನ್ನು ಇತ್ಲಾಗೆ ಕೊಡಿ."

ಹಿರಿಯಾಕೆ ಕೊಟ್ಟಳು. ಹುಳದಕ್ಕ ಕಟ್ಟೆಯ ಮೇಲೆ ಕೂತು, ಉಗುರಿನಗಲದ ಕಾಗದದ ಮೇಲೆ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬರೆದಳು.

ಮರ ಹತ್ತಿ ಕಿತ್ತವಳು: ಹುಳದಕ್ಕನ ಮಗಳು. ಕೆಳಗೆ ನಿಂತಿದ್ದವರು: ಮೇಷ್ಟ್ರು. ಉಸಿರು: ಸಂಜೆಯವರೆಗೆ.

"ಅಮ್ಮಾ," ಎಂದರು ಮೇಷ್ಟ್ರು. ಎರಡೂ ಕೈ ಮುಗಿದಿದ್ದರು. "ನಾನೂ ಮುದುಕ. ಇದೊಂದು ಬೇಡ."

ಅವಳು ಸೂಜಿ ತೆಗೆದು, ಚೀಟಿಯನ್ನು ಎಲ್ಲಕ್ಕಿಂತ ಕೆಳಗೆ ಚುಚ್ಚಿ, ಒಣಗಲೆಂದು ಎರಡು ಬಾರಿ ಊದಿ, ಪೆಟ್ಟಿಗೆಯಲ್ಲಿ ನೆಟ್ಟು ಮುಚ್ಚಳ ಹಾಕಿ ಅವರ ಕೈಗೇ ಕೊಟ್ಟಳು. ಆಮೇಲೆ ಚಾಕು ಎತ್ತಿಕೊಂಡು ಅರ್ಧ ಸೀಳಿ ಬಿಟ್ಟಿದ್ದ ಅಣಬೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೊರಡಿ ಮೇಷ್ಟ್ರೇ," ಎಂದಳು. "ಬಸ್ಸಿಗೆ ಹೊತ್ತಾಯ್ತು."