ಮಂಡಿಯಲ್ಲಿರುವ ಭಾರ

“ಒಂದು, ಎರಡು, ಮೂರು!” ಎಂದು ಎತ್ತಿದ ರಭಸಕ್ಕೆ ಪೆಟ್ಟಿಗೆ ನಾಲ್ವರ ಕೈಯಿಂದ ಹಾರಿಯೇ ಹೋಗುವಂತಿತ್ತು. ಭಾರ ಇರುತ್ತದೆಂದು ನಂಬಿ ಮೈಯ ಬಲವನ್ನೆಲ್ಲ ಹಾಕಿದ್ದರು. ಸತ್ತವನ ಕೈಕೆಳಗೆ ಅನಿಮೇಷನ್ ಕಲಿತವರು ಅವರು. ಗುರುವಿನ ಶವ ಹೂವಿನ ಬುಟ್ಟಿಯಂತೆ ಮೇಲೆ ಬಂದದ್ದಕ್ಕೆ ಮುಖ ಮುಖ ನೋಡಿಕೊಂಡರು.

“ಇಳಿಸ್ರಪ್ಪ, ಬೇಗ ಇಳಿಸಿ,” ಎಂದಳು ಅವನ ಹೆಂಡತಿ. ಬಚ್ಚಲಲ್ಲಿ ಗಂಡನ ಅಕ್ಕ ಮುಖ ತೊಳೆಯುವ ಸದ್ದು ಇನ್ನೂ ಕೇಳುತ್ತಿತ್ತು. “ಹೀಗೆ ಎತ್ತಿದ್ರೆ ಅಕ್ಕಂಗೆ ಗೊತ್ತಾಗ್ಬಿಡುತ್ತೆ. ತಿಂಗಳುಗಟ್ಟಲೆ ಫೋನಲ್ಲಿ ‘ಊಟ ಮಾಡ್ತಿದ್ದಾರೆ, ಮೈಕೈ ತುಂಬ್ಕೊಂಡಿದ್ದಾರೆ’ ಅಂತ ಹೇಳಿದೀನಿ.”

ನಾಲ್ವರಲ್ಲಿ ಹಿರಿಯ, ಎಲ್ಲರ ಬಾಯಲ್ಲಿ ಉದ್ದಣ್ಣ, ಕೇಳಿದ: “ಅವರು ಮುಖ ನೋಡಿದ್ರಲ್ಲ?”

“ಮುಖ ಔಷಧಿಗೆ ಊದ್ಕೊಂಡಿದೆ. ಅದನ್ನ ನೋಡಿ ದುಂಡಗಿದಾನೆ ಅಂತಾನೇ ಅತ್ತರು. ಕತ್ತಿನಿಂದ ಕೆಳಗೆ ಹೊದಿಕೆ ಸರಿಸೋಕೆ ನಾನು ಬಿಡ್ಲಿಲ್ಲ.”

*

ಗಂಟಲಿನ ಕಾಯಿಲೆ ಅನ್ನ ಇಳಿಯಗೊಡದೆ ಅವನನ್ನು ಎಲುಬಿನ ಹಂದರ ಮಾಡಿದಾಗಲೂ ಅವನು ಮಂಚದಲ್ಲೇ ಕೂತು ಕೆಲಸ ಮಾಡುತ್ತಿದ್ದ. ಅವನು ಮಾಡುತ್ತಿದ್ದ ಅನಿಮೇಷನ್ ಚಿತ್ರದಲ್ಲಿ ಮುದುಕಿಯೊಬ್ಬಳು ಮೂಟೆ ಎತ್ತಬೇಕಿತ್ತು. ಹೆಂಡತಿಗೆ ಖಾಲಿ ಬಕೆಟ್ ತೋರಿಸಿ, “ತುಂಬಿದೆ ಅಂದ್ಕೊಂಡು ಎತ್ತು,” ಎಂದ. ಅವಳು ಹಲ್ಲು ಕಚ್ಚಿ, ಮುಖ ಕಿವುಚಿ ಎತ್ತಿದಳು.

“ಮುಖ ಎಷ್ಟು ಕಿವುಚಿದ್ರೂ ಯಾರೂ ನಂಬಲ್ಲ. ಭಾರ ಇರೋದು ಮಂಡೀಲಿ ಕಣೇ. ಮೊದ್ಲು ಕೆಳಗೆ ಕುಸಿ. ಒಂದ್ಸಲ ಎತ್ತೋಕಾಗ್ದೆ ಸೋಲು. ಆಮೇಲೆ ನಿಧಾನಕ್ಕೆ ಏಳು.” ನಕ್ಕ. ನಗು ಕೆಮ್ಮಾಯಿತು.

ಅವನನ್ನು ಬಚ್ಚಲಿಗೆ ಅವಳೊಬ್ಬಳೇ ಎತ್ತಿಕೊಂಡು ಹೋದಳು. ಏದುಸಿರೂ ಬರಲಿಲ್ಲ. “ಅಕ್ಕ ನನ್ನನ್ನ ಎತ್ತಿ ಆಡ್ಸಿದೋಳು. ಈ ಮೈ ಅವಳಿಗೆ ತೋರಿಸ್ಬೇಡ. ಮಾತು ಕೊಡು,” ಎಂದ. ಕೊಟ್ಟಳು. ಕೊಟ್ಟ ಮಾತು ಕೊರಳಿಗೆ ಉರುಳಾಯಿತು.

*

ಬಚ್ಚಲ ಬಾಗಿಲು ತೆರೆಯಿತು. ಉದ್ದಣ್ಣ ಕಣ್ಸನ್ನೆ ಮಾಡಿದ. ನಾಲ್ವರೂ ಮಂಡಿ ಬಗ್ಗಿಸಿ ಕುಸಿದರು, ಪೆಟ್ಟಿಗೆ ಕದಲಲಿಲ್ಲ. ಉಸಿರು ಕಟ್ಟಿ ಮತ್ತೆ ಎತ್ತಿದರು. ಒಲ್ಲದ ಮನಸ್ಸಿನಿಂದೆಂಬಂತೆ ಮೇಲೆದ್ದಿತು. ಇಲ್ಲದ ಭಾರವನ್ನು ಇದೆಯೆನಿಸುವುದೇ ಅವರ ಹೊಟ್ಟೆಪಾಡು ತಾನೇ! ಬೆನ್ನು ಬಾಗಿಸಿ, ಒಂದೊಂದೇ ಹೆಜ್ಜೆ ಊರುತ್ತ ಮೆಟ್ಟಿಲಿಳಿದರು. ನಾಲ್ವರೂ ಅಳುತ್ತಿದ್ದರು, ಅದೊಂದು ಮಾತ್ರ ನಟನೆಯಲ್ಲ.

“ನೋಡೇ, ಹೇಗಿದ್ದ ನನ್ನ ತಮ್ಮ! ನಾಲ್ಕು ಜನಕ್ಕೂ ಎತ್ತೋಕಾಗ್ತಿಲ್ಲ.” ಅಕ್ಕ ತಮ್ಮನ ಹೆಂಡತಿಯ ಕೈ ಹಿಡಿದಳು. “ಚೆನ್ನಾಗಿ ನೋಡ್ಕೊಂಡಿದೀಯಮ್ಮ.”

ಭೂಮಿ ಬಾಯ್ಬಿಡಬಾರದೇ ಎನಿಸಿತು ಹೆಂಡತಿಗೆ.

ಅಷ್ಟರಲ್ಲಿ ಅಕ್ಕ ಕೈಬಿಟ್ಟು ದಡದಡ ಕೆಳಗಿಳಿದಳು. “ಪಾಪ, ಈ ಹಿಂದಿನ ಹುಡುಗ ನಡುಗ್ತಿದಾನೆ. ಬಿಡಪ್ಪ, ಸಾಕಿ ಬೆಳೆಸಿದೋಳು ನಾನು, ಒಂದು ಹೆಗಲು ಕೊಡ್ತೀನಿ.”

“ಬೇಡ ಅಕ್ಕ! ನಿಮ್ಮ ಸೊಂಟ...” ಹೆಂಡತಿ ಚೀರಿದಳು.

ಹಿಂದಿದ್ದವನನ್ನು ಸರಿಸಿ ಅಕ್ಕ ಹೆಗಲೊಡ್ಡಿಯಾಗಿತ್ತು. ಭಾರಕ್ಕೆ ಸಿದ್ಧಳಾಗಿ ಹಲ್ಲು ಕಚ್ಚಿ ಎದ್ದಳು. ಪೆಟ್ಟಿಗೆಯ ಆ ಮೂಲೆ ಒಮ್ಮೆಲೇ ಮೇಲಕ್ಕೆ ಹಾರಿತು. ಒಳಗೆ ಏನೋ ಜಾರಿ ಹಲಗೆಗೆ ತಾಗಿದ ಸಣ್ಣ ಸದ್ದು ಕೇಳಿಸಿತು.

ಎಲ್ಲರ ಅಳು ನಿಂತಿತು. ಅಕ್ಕ ಹೆಗಲನ್ನು ಮೆಲ್ಲಗೆ ಹೊರತೆಗೆದಳು. ಅಂಗೈಯೊಂದನ್ನೇ ಕೆಳಗೆ ಕೊಟ್ಟು ಆ ಮೂಲೆಯನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ, ಕೈ ಹಾಗೇ ಇಟ್ಟುಕೊಂಡು, ಮೆಟ್ಟಿಲ ಮೇಲೆ ನಿಂತಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿದಳು.